ಬೀಗದ ಮೇಷ್ಟ್ರ ವಾರದ ರಜೆ

ರಾಜಧಾನಿಯ ಇತಿಹಾಸವನ್ನು ಮುಂದೊಂದು ದಿನ ಯಾರಾದರೂ ಪೂರ್ತಿಯಾಗಿ ಬರೆಯುವುದಾದರೆ, ಯುದ್ಧಗಳಿಗೆ, ಒಪ್ಪಂದಗಳಿಗೆ, ಸರ್ಕಾರಗಳು ಬಿದ್ದದ್ದಕ್ಕೆ ಎದ್ದದ್ದಕ್ಕೆ ಕೊಡುವಷ್ಟೇ ಜಾಗವನ್ನು ಒಂದು ಸುತ್ತೋಲೆಗೂ ಕೊಡಬೇಕಾಗುತ್ತದೆ. ಸಣ್ಣ ವಸ್ತುಸಂಗ್ರಹಾಲಯಗಳ ವಾರದ ರಜೆಯನ್ನು ಬೇರೆ ಬೇರೆ ದಿನಗಳಿಂದ ಎತ್ತಿ, ಒಟ್ಟಾಗಿ ಸೋಮವಾರಕ್ಕೆ ಹಾಕಿದ ಸುತ್ತೋಲೆ ಅದು. ಅದು ಹೊರಟ ದಿನ ಪೇಟೆ ಎಂದಿನಂತೆ ತೆರೆದಿತ್ತು, ಬಸ್ಸುಗಳು ಎಂದಿನಂತೆ ತಡವಾಗಿ ಓಡಿದವು, ಪತ್ರಿಕೆಗಳು ಒಂದು ಸಾಲನ್ನೂ ಬರೆಯಲಿಲ್ಲ. ದೊಡ್ಡ ಸಂಗತಿಗಳು ನಡೆಯುವಾಗ ಹೀಗೇ. ಪಕ್ಕದಲ್ಲಿ ನಿಂತವರಿಗೇ ಗೊತ್ತಾಗುವುದಿಲ್ಲ.

ರಾಜಧಾನಿಗೆ ಬಂದವರೆಲ್ಲ ದೊಡ್ಡ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ. ಅಲ್ಲಿ ತಿಮಿಂಗಿಲದ ಎಲುಬಿದೆ, ಚಿನ್ನದ ಕಿರೀಟವಿದೆ, ಕಾಲು ನೋವು ಬಂದರೆ ಕೂರಲು ಕ್ಯಾಂಟೀನಿದೆ. ಅದನ್ನು ನಡೆಸುವ ಇಲಾಖೆಯ ಹೊಟ್ಟೆಯೊಳಗೆ ಇನ್ನೂ ಕೆಲವು ಸಣ್ಣಪುಟ್ಟ ಸಂಗ್ರಹಾಲಯಗಳಿವೆ ಎಂಬುದು ಅವುಗಳ ಎದುರು ಮನೆಯವರಿಗೂ ಗೊತ್ತಿಲ್ಲ. ಬೀಗಗಳದ್ದೊಂದು, ತಕ್ಕಡಿಗಳದ್ದೊಂದು, ಕೊಡೆಗಳದ್ದೊಂದು, ಶಾಯಿಬುಡ್ಡಿಗಳದ್ದೊಂದು. ಯಾವುದೋ ಕಾಲದಲ್ಲಿ ಯಾರೋ ಉಳ್ಳವರು ಹುಚ್ಚು ಹಿಡಿದು ಕೂಡಿಹಾಕಿದ್ದನ್ನು, ಅವರು ಕಣ್ಣು ಮುಚ್ಚಿದ ಮೇಲೆ ಮಕ್ಕಳು ಮನೆ ಖಾಲಿ ಮಾಡುವ ಅವಸರದಲ್ಲಿ ಸರ್ಕಾರದ ತಲೆಗೆ ಕಟ್ಟಿದ್ದರು. ಸರ್ಕಾರವೂ ಒಂದೊಂದಕ್ಕೆ ಒಂದು ಹಳೆಯ ಕಟ್ಟಡ, ಒಂದು ಬೋರ್ಡು, ಒಬ್ಬ ಮೇಲ್ವಿಚಾರಕ ಎಂದು ಕೊಟ್ಟು ಕೈತೊಳೆದುಕೊಂಡಿತ್ತು.

ಬೀಗಗಳ ಸಂಗ್ರಹಾಲಯದ ಮೇಲ್ವಿಚಾರಕರನ್ನು ಇಲಾಖೆಯಲ್ಲಿ ಎಲ್ಲರೂ ಬೀಗದ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಎದುರಿಗೆ ಒಬ್ಬರು ನಿಂತರೆ ಸಾಕು, ಕೈಗಳನ್ನು ಹಿಂದಕ್ಕೆ ಕಟ್ಟಿ, ಗಂಟಲು ಸರಿಮಾಡಿಕೊಂಡು, ‘ಬೀಗ ಎಂದರೇನು?’ ಎಂದು ಶುರುಹಚ್ಚುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಮಳೆಗೆ ಹೆದರಿ ಒಳಗೆ ನುಗ್ಗಿದವರು ಈ ಪ್ರಶ್ನೆಗೆ ಹೆದರಿ ಮಳೆಗೇ ವಾಪಸಾದದ್ದೂ ಉಂಟು. ಐವತ್ತು ದಾಟಿದ ಬ್ರಹ್ಮಚಾರಿ. ಅಕ್ಕ ಭಾವನ ಮನೆಯ ಮುಂದಿನ ಕೋಣೆಯಲ್ಲಿ ವಾಸ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, “ಅದು ಹಾಗೇ ಉಳೀತು” ಎನ್ನುತ್ತಿದ್ದರು, ಮೇಲಿನ ಅಟ್ಟದಲ್ಲಿ ಉಳಿದುಹೋದ ಪೆಟ್ಟಿಗೆಯ ಬಗ್ಗೆ ಹೇಳುವಂತೆ.

ಅವರ ಸಂಗ್ರಹಾಲಯಕ್ಕೆ ಮಂಗಳವಾರ ರಜೆಯಿತ್ತು. ತಕ್ಕಡಿಗಳ ಸಂಗ್ರಹಾಲಯಕ್ಕೆ ಗುರುವಾರ. ಹಿಂದೆ ಇದ್ದ ಒಬ್ಬ ಅಧಿಕಾರಿ, ಮೇಲ್ವಿಚಾರಕರು ತಮ್ಮ ರಜಾದಿನದಲ್ಲಿ ಇತರ ಸಂಗ್ರಹಾಲಯಗಳನ್ನು ನೋಡಿ ತಿಳಿವಳಿಕೆ ಹೆಚ್ಚಿಸಿಕೊಳ್ಳತಕ್ಕದ್ದು ಎಂದು ಆದೇಶ ಹೊರಡಿಸಿ ನಿವೃತ್ತರಾಗಿದ್ದರು. ಶಾಯಿಬುಡ್ಡಿಯವರು ಒಂದು ಸುತ್ತು ಹಾಕಿ, ತಿಳಿವಳಿಕೆ ಬೇಕಾದಷ್ಟು ಹೆಚ್ಚಿತೆಂದು ಮನೆಯಲ್ಲಿ ಕೂತರು. ಕೊಡೆಯವರು ಅದನ್ನೂ ಮಾಡಲಿಲ್ಲ. ಬೀಗದ ಮೇಷ್ಟ್ರು ಮಾತ್ರ ಮಂಗಳವಾರ ತಕ್ಕಡಿ ನೋಡಲು ಹೋದರು, ಗುರುವಾರ ತಕ್ಕಡಿ ಮೇಡಂ ಬೀಗ ನೋಡಲು ಬಂದರು. ಮರುವಾರವೂ ಹಾಗೇ ಆಯಿತು. ಆಮೇಲೆ ಅದು ನಿಲ್ಲಲೇ ಇಲ್ಲ. ಯಾಕೆ ನಿಲ್ಲಬೇಕು? ಆ ಆದೇಶವನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲವಲ್ಲ!

ತಕ್ಕಡಿ ಮೇಡಂ ಮೇಷ್ಟ್ರಿಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳು ಬೇರೆ ಊರಿನಲ್ಲಿ ಸಂಸಾರ ಹೂಡಿದ್ದಳು. ಪಾಠ ಮಾಡುವುದು ಅವರ ಜಾಯಮಾನವಲ್ಲ. ಬಂದವರ ಅಂಗೈಯಲ್ಲಿ ಒಂದು ತೂಕದ ಕಲ್ಲು ಇಟ್ಟು, “ಎಷ್ಟಿರಬಹುದು ಹೇಳಿ?” ಎನ್ನುವರು. ಮೇಷ್ಟ್ರು ಒಂದು ಸಲವೂ ಸರಿಯಾಗಿ ಹೇಳಿದ್ದಿಲ್ಲ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೆರಳುದ್ದದ ತಕ್ಕಡಿಯಿಂದ ಹಿಡಿದು, ಕೂಸುಗಳನ್ನು ಮಲಗಿಸಿ ತೂಗುವ ಬೋಗುಣಿಯ ತಕ್ಕಡಿಯವರೆಗೆ ಎಲ್ಲವನ್ನೂ ನೋಡಿಯಾದ ಮೇಲೆ, ಕೊನೆಯ ಕೋಣೆಯಲ್ಲಿ ರೈಲ್ವೆ ಗೋದಾಮಿನಿಂದ ಬಂದ ಒಂದು ನಿಲ್ಲುವ ತಕ್ಕಡಿಯಿತ್ತು. ಅಲ್ಲಿರುವುದರಲ್ಲಿ ಇನ್ನೂ ಕೆಲಸ ಮಾಡುತ್ತಿದ್ದುದು ಅದೊಂದೇ. ಮೇಷ್ಟ್ರು ಪ್ರತಿ ಮಂಗಳವಾರ ಅದರ ಮೇಲೆ ಹತ್ತಿ ನಿಲ್ಲಬೇಕಿತ್ತು.

“ಇಳಿದಿದ್ದೀರಲ್ಲ ಮೇಷ್ಟ್ರೇ! ಅಕ್ಕನ ಹತ್ರ ಜಗಳ ಆಡಿ ಊಟ ಬಿಟ್ರಾ?”

“ಹಾಗೇನಿಲ್ಲ ಮೇಡಂ.”

“ಹಾಗೇ ಇರಬೇಕು. ಈ ಬಾಳೆಹಣ್ಣು ತಿಂದೇ ಹೋಗಬೇಕು ನೀವು.”

ಇನ್ನೊಂದು ವಾರ ಮುಳ್ಳು ಮೇಲಕ್ಕೆ ಹೋಗಿರುತ್ತಿತ್ತು. “ಏನಿದು? ಒಂದೇ ವಾರಕ್ಕೆ? ಒಂದು ಸ್ಟಾಪ್ ಮುಂಚೇನೇ ಇಳಿದು ನಡೀರಿ ಇನ್ಮೇಲೆ.” ಮೇಷ್ಟ್ರು ತಿನ್ನು ಎಂದಾಗ ತಿಂದರು, ನಡೆ ಎಂದಾಗ ನಡೆದರು. ಹುಟ್ಟಿದಾಗಿನಿಂದ ತಮ್ಮ ತೂಕದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವರನ್ನು ಅವರು ಕಂಡಿರಲಿಲ್ಲ. ಆದ್ದರಿಂದಲೇ, ಒಂದು ವಾರ ಸಂಗ್ರಹಾಲಯದ ಬೀಗದ ಕೈಗಳ ದೊಡ್ಡ ಗೊಂಚಲನ್ನು ಪ್ಯಾಂಟಿನ ಬಲಜೇಬಿಗೆ ಇಳಿಬಿಟ್ಟುಕೊಂಡು ಬರುತ್ತಿದ್ದರು. ಇನ್ನೊಂದು ವಾರ ಮನೆಯಲ್ಲೇ ಇಟ್ಟು ಬರುತ್ತಿದ್ದರು. ಸರ್ಕಾರಿ ಸ್ವತ್ತನ್ನು ಖಾಸಗಿ ಕೆಲಸಕ್ಕೆ ಬಳಸಿದ್ದು ಮೇಷ್ಟ್ರ ಸೇವಾವಧಿಯಲ್ಲಿ ಇದೊಂದೇ.

ಗುರುವಾರದ ಕತೆ ಬೇರೆ. ಮೇಷ್ಟ್ರ ಬಳಿ ಒಂದು ಗುಟ್ಟಿನ ಬೀಗವಿತ್ತು. ತೆಂಗಿನಕಾಯಿ ಗಾತ್ರದ ಕಬ್ಬಿಣದ ಬೀಗ, ಮೈತುಂಬ ಗುಂಡಿಯಂಥ ಹಿತ್ತಾಳೆಯ ಗುಬುಟು. ಬೀಗದ ಕೈ ಇತ್ತು, ಅದನ್ನು ಹಾಕುವ ತೂತು ಎಲ್ಲೂ ಕಾಣುತ್ತಿರಲಿಲ್ಲ. ಮೊದಲನೆಯ ಗುರುವಾರ ಮೇಷ್ಟ್ರು ಅದನ್ನು ಮೇಡಂ ಕೈಗೆ ಕೊಟ್ಟು, “ಕೈ ಇಲ್ಲಿದೆ. ತೂತು ನೀವೇ ಹುಡುಕಿ” ಎಂದಿದ್ದರು. ಅವತ್ತಿನಿಂದ ಪ್ರತಿ ಗುರುವಾರ ಮೇಡಂ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಬೀಗವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಗುಬುಟನ್ನು ಒತ್ತಿ ತಿರುವಿ ನೋಡುವರು. ಮೇಷ್ಟ್ರು ಟೀ ತರಿಸುವುದಲ್ಲ, ತಾವೇ ಹೋಗಿ ತರುವರು. ಒಂದು ಸುಳಿವು ಕೊಟ್ಟಿದ್ದರೆ ಬೀಗ ಎಂದೋ ಬಿಚ್ಚಿಕೊಳ್ಳುತ್ತಿತ್ತು. ಅವರು ಕೊಡಲಿಲ್ಲ. ಬಿಚ್ಚಿಕೊಂಡ ಬೀಗವನ್ನು ನೋಡಲು ಯಾರು ಬಸ್ಸು ಹತ್ತಿ ಬರುತ್ತಾರೆ?

ಹೀಗೆ ನಡೆದುಕೊಂಡು ಹೋಗುತ್ತಿದ್ದ ಲೋಕದಲ್ಲಿ ಹೊಸ ಉಪನಿರ್ದೇಶಕರು ಬಂದರು, ಅವರಿಗೆ ಏಕರೂಪತೆ ಎಂಬ ಮಾತು ಇಷ್ಟವಾಗಿತ್ತು, ಸುತ್ತೋಲೆ ಹೊರಟಿತು.

ಸುತ್ತೋಲೆ ಜಾರಿಗೆ ಬರುವ ಮುಂಚಿನ ಕೊನೆಯ ಗುರುವಾರ ಮೇಡಂ ಬಂದರು. ಸ್ಟೂಲಿನ ಮೇಲೆ ಕೂತರು. ಬೀಗವನ್ನು ತೊಡೆಯ ಮೇಲಿಟ್ಟುಕೊಂಡರು. ಅವತ್ತು ಬೆರಳುಗಳು ಗುಬುಟುಗಳ ಮೇಲೆ ಸುಮ್ಮನೆ ಓಡಾಡುತ್ತಿದ್ದವು.

“ಸುತ್ತೋಲೆ ನಿಮಗೂ ಬಂತಾ ಮೇಷ್ಟ್ರೇ?”

“ಬಂತು ಮೇಡಂ.”

“ಎಲ್ಲರಿಗೂ ಸೋಮವಾರವಂತೆ.”

“ಏಕರೂಪತೆ ಅಂತೆ.”

ಒಂದು ಗುಬುಟು ಕಿರ್ ಎಂದಿತು. ಮೇಷ್ಟ್ರ ಎದೆಯೂ ಕಿರ್ ಎಂದಿತು. ಏನೂ ಆಗಲಿಲ್ಲ.

“ಒಳ್ಳೇದೇ ಬಿಡಿ,” ಎಂದರು ಮೇಡಂ. “ಸೋಮವಾರ ನಮ್ಮ ಬೀದೀಲಿ ನೀರು ಚೆನ್ನಾಗಿ ಬರುತ್ತೆ. ಬಟ್ಟೆ ಒಗೀಬಹುದು.”

“ನನಗೂ ಕೆಲಸ ಇದೆ,” ಎಂದರು ಮೇಷ್ಟ್ರು. “ಮನೇಲಿ ಗೆದ್ದಲಿಗೆ ಔಷಧಿ ಹೊಡೀಬೇಕು. ಅಕ್ಕ ಬಹಳ ದಿನದಿಂದ ಹೇಳ್ತಿದ್ದಾಳೆ.”

“ಹೊಡೀಬೇಕು, ಹೊಡೀಬೇಕು. ಗೆದ್ದಲು ಬಿಟ್ರೆ ಕಷ್ಟ.”

ಮೇಡಂ ಎದ್ದು ಬೀಗವನ್ನು ಅದರ ಜಾಗದಲ್ಲಿಟ್ಟರು. “ಇದೊಂದು ತೆಗೀದೇ ಉಳಿದುಹೋಯ್ತು ನೋಡಿ.”

ಗುಟ್ಟು ಮೇಷ್ಟ್ರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದರೆ ಎಲ್ಲ ಮುಗಿಯುತ್ತದೆ. ಹೇಳದಿದ್ದರೂ ಈಗ ಮುಗಿಯುತ್ತದೆ. “ಇರಲಿ ಮೇಡಂ,” ಎಂದರು. “ಅದೆಲ್ಲೂ ಹೋಗಲ್ಲ.”

ಮೇಡಂ ಹೋದರು. ಫೋನ್ ನಂಬರ್ ಕೇಳಿದ್ದರೆ ಆಗುತ್ತಿತ್ತು. ಆದರೆ ನಂಬರ್ ಕೇಳಬೇಕಾದರೆ ಯಾಕೆ ಎಂದು ಹೇಳಬೇಕು, ಹೇಳಲು ಬರುವಂತಿದ್ದರೆ ನಂಬರಿನ ಅಗತ್ಯವೇ ಇರುತ್ತಿರಲಿಲ್ಲ.

ಮೊದಲ ಸೋಮವಾರ ಮೇಷ್ಟ್ರು ಮನೆಯಲ್ಲಿದ್ದರು. ಬೆಳಿಗ್ಗೆ ಅಡುಗೆಮನೆಯ ಕಪಾಟಿನ ಚಿಲಕವನ್ನು ಬಿಚ್ಚಿದರು, ಎಣ್ಣೆ ಹಾಕಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಎರಡನೆಯ ಸೋಮವಾರ ಅಕ್ಕನನ್ನು ನಿಲ್ಲಿಸಿಕೊಂಡು ಬೀರುವಿನ ಬೀಗದ ಒಳರಚನೆಯನ್ನು ವಿವರಿಸತೊಡಗಿದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅಕ್ಕನಿಗೆ ತಡೆಯಲಾಗಲಿಲ್ಲ.

“ಅಲ್ಲವೋ, ಸೋಮವಾರ ನಿನಗೂ ರಜೆ, ಆಯಮ್ಮನಿಗೂ ರಜೆ. ಇದಕ್ಕಿಂತ ಒಳ್ಳೇದೇನಿದೆ? ಹೋಗಿ ಮಾತಾಡಿಸ್ಕೊಂಡು ಬರಬಾರದೇನೋ? ನನ್ನ ತಲೆ ಯಾಕೆ ತಿಂತೀಯಾ?”

“ಎಲ್ಲಿಗೆ ಹೋಗಲಕ್ಕಾ? ಮ್ಯೂಸಿಯಂ ಮುಚ್ಚಿರುತ್ತಲ್ಲ.”

“ಆಯಮ್ಮ ಏನು ಗಾಜಿನ ಪೆಟ್ಟಿಗೇಲಿ ಇಟ್ಟಿರೋ ವಸ್ತುವಾ? ಮ್ಯೂಸಿಯಂ ಮುಚ್ಚಿದ್ರೆ ಆಯಮ್ಮನೂ ಮುಚ್ಚಿರ್ತಾಳಾ?”

ಮೇಷ್ಟ್ರು ಬೀರುವಿನ ಬೀಗದ ಕಡೆ ತಿರುಗಿದರು. ಅಕ್ಕನಿಗೆ ಇದು ಅರ್ಥವಾಗುವುದಿಲ್ಲ. ಮಂಗಳವಾರ ಅವರು ಹೋಗುತ್ತಿದ್ದುದು ತಕ್ಕಡಿ ನೋಡಲು. ಗುರುವಾರ ಆಕೆ ಬರುತ್ತಿದ್ದುದು ಬೀಗ ನೋಡಲು. ನಡುವೆ ಒಂದು ವಸ್ತುವಿತ್ತು, ಮಾತು ಅದರ ಮೇಲೆ ಕೂತು ಆರಾಮಾಗಿ ಹೋಗಿಬರುತ್ತಿತ್ತು. ವಸ್ತುವೇ ಇಲ್ಲದೆ ಒಬ್ಬ ಗಂಡಸು ಒಬ್ಬ ಹೆಂಗಸಿನ ಮನೆಯ ಬಾಗಿಲಲ್ಲಿ ನಿಂತರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರು ನೆನೆದರೇ ಮೇಷ್ಟ್ರ ಕಿವಿ ಕೆಂಪಾಗುತ್ತಿತ್ತು. ಅಲ್ಲದೆ ಆಕೆ ಬಟ್ಟೆ ಒಗೆಯುತ್ತೇನೆ ಎಂದಿದ್ದರಲ್ಲ. ಬರಬೇಡಿ ಎನ್ನುವುದನ್ನು ಮರ್ಯಾದಸ್ಥರು ಇನ್ನು ಹೇಗೆ ಹೇಳುತ್ತಾರೆ?

ಪೇಪರ್ ಓದುತ್ತಿದ್ದ ಭಾವ ಕನ್ನಡಕದ ಮೇಲಿಂದ ನೋಡಿದರು. ಅವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಜಗತ್ತಿನಲ್ಲಿ ಬಸ್ಸಿನಿಂದ ಬಗೆಹರಿಯದ ಸಮಸ್ಯೆಯಿಲ್ಲ ಎಂಬ ನಂಬಿಕೆಯವರು.

“ಮ್ಯೂಸಿಯಮ್ಮೇ ಆಗಬೇಕಾ ಭಾವಮೈದ? ನೀರು ಸರಬರಾಜು ಮಂಡಳಿಯೋರದ್ದು ಒಂದಿದೆಯಪ್ಪಾ, ನಲ್ಲಿಗಳ ಮ್ಯೂಸಿಯಂ. ನಿಮ್ಮ ಇಲಾಖೆ ಅಲ್ಲ, ಸೋಮವಾರ ತೆರೆದಿರುತ್ತೆ. ನದಿ ಕಡೆ ಬಸ್ಸಿನ ಕೊನೇ ಸ್ಟಾಪು. ನನ್ನ ಸರ್ವೀಸಿನಾಗೆ ಒಬ್ಬರೂ ಅಲ್ಲಿಗೆ ಅಂತ ಟಿಕೆಟ್ ತಗೊಂಡಿದ್ದು ಕಾಣೆ.”

“ನಲ್ಲಿ ನೋಡೋಕೆ ಯಾರನ್ನಾದ್ರೂ ಕರೆಯೋಕಾಗುತ್ತಾ ಭಾವ?”

“ಬೀಗ ನೋಡೋಕೆ ಬರೋರು ನಲ್ಲಿ ನೋಡೋಕೆ ಬರಲ್ವಾ?” ಎಂದು ಭಾವ ಮತ್ತೆ ಪೇಪರಿನೊಳಗೆ ಇಳಿದರು.

ಮೇಷ್ಟ್ರು ತಮಗೆ ಗೊತ್ತಿದ್ದ ದಾರಿ ಹಿಡಿದರು. ಅರ್ಜಿ ಬರೆದರು. ಸಾರ್ವಜನಿಕರ ಹಿತದೃಷ್ಟಿಯಿಂದ ಬೀಗಗಳ ಸಂಗ್ರಹಾಲಯದ ರಜೆಯನ್ನು ಮೊದಲಿನಂತೆ ಮಂಗಳವಾರಕ್ಕೇ ಉಳಿಸಬೇಕಾಗಿ ಕೋರಿ, ಅದನ್ನು ಹಿಡಿದುಕೊಂಡು ಉಪನಿರ್ದೇಶಕರ ಕೋಣೆಗೆ ಹೋದರು. ಉಪನಿರ್ದೇಶಕರು ಕೆಟ್ಟವರಲ್ಲ. ಕುರ್ಚಿ ತೋರಿಸಿದರು, ಅರ್ಜಿಯನ್ನು ಕೊನೆಯವರೆಗೂ ಓದಿದರು.

“ಸಾರ್ವಜನಿಕರಿಗೆ ತೊಂದರೆ ಅಂತ ಬರೆದಿದ್ದೀರಿ.”

“ಹೌದು ಸರ್.”

“ಯಾವ ಸಾರ್ವಜನಿಕರಿಗೆ?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬೀಗ ಎಂದರೇನು ಎಂದು ಕೇಳಿದ್ದರೆ ಸಂಜೆಯವರೆಗೆ ಹೇಳಬಹುದಿತ್ತು. “ಹಲವರು ಇದ್ದಾರೆ ಸರ್,” ಎಂದರು.

“ಒಬ್ಬರ ಹೆಸರು ಹೇಳಿ ನೋಡೋಣ?”

ಹೆಸರು ಬಾಯಿಗೆ ಬಂತು. ಬಂದ ದಾರಿಯಲ್ಲೇ ವಾಪಸು ಹೋಯಿತು. ಉಪನಿರ್ದೇಶಕರು ಪೆನ್ನಿನ ಮುಚ್ಚಳ ಹಾಕಿದರು. “ನೋಡಿ ಮೇಷ್ಟ್ರೇ, ಸುತ್ತೋಲೆ ಹಾಗೆ ಬದಲಾಯಿಸೋಕಾಗಲ್ಲ. ನಿಮಗೆ ಮಂಗಳವಾರ ಏನಾದ್ರೂ ಸ್ವಂತ ಕೆಲಸ ಇದ್ರೆ ಒಂದು ದಿನ ರಜೆ ಹಾಕಿ. ನಿಮ್ಮ ರಜೆ ಎಲ್ಲ ಹಾಗೇ ಇದೆಯಲ್ಲ, ಯಾಕೆ ಕೊಳೆಸ್ತೀರಿ?”

ಸ್ವಂತ ಕೆಲಸ! ಆ ಮಾತು ಮೇಷ್ಟ್ರಿಗೆ ಹಿಡಿಸಿತು. ಮಂಗಳವಾರ ರಜೆ ಹಾಕಿದರೆ ತಕ್ಕಡಿ ಸಂಗ್ರಹಾಲಯ ತೆರೆದಿರುತ್ತದೆ. ತೆರೆದಿರುವ ಸಂಗ್ರಹಾಲಯಕ್ಕೆ ಯಾರು ಬೇಕಾದರೂ ಹೋಗಬಹುದು. ಈ ಸಲ ಸುಮ್ಮನೆ ಬರುವುದಲ್ಲ, ಒಂದು ಮಾತು ಕೇಳಿಬಿಡಬೇಕು ಎಂದೂ ನಿಶ್ಚಯಿಸಿದರು. ಸೋಮವಾರ ನಿಮಗೆ ಬಿಡುವಿರುತ್ತದೆಯೇ ಎಂಬ ಮಾತು. ಅದನ್ನು ಕೇಳುವ ಜಾಗವನ್ನೂ ಗೊತ್ತುಮಾಡಿದರು: ನಿಲ್ಲುವ ತಕ್ಕಡಿಯ ಮೇಲೆ. ಅಲ್ಲಿ ಇಬ್ಬರೂ ಮುಳ್ಳನ್ನು ನೋಡುತ್ತಿರುತ್ತಾರೆ, ಮುಖ ನೋಡುವ ಪ್ರಮೇಯ ಬರುವುದಿಲ್ಲ. ಇಲ್ಲ ಎಂದರೆ ತಕ್ಕಡಿಯಿಂದ ಇಳಿದರಾಯಿತು.

ವಾರದ ರಜೆಯಲ್ಲಿ ಬೀಗದ ಕೈ ಮೇಲ್ವಿಚಾರಕರ ಬಳಿಯೇ ಇರುತ್ತದೆ. ಬೇರೆ ರಜೆ ಹಾಕಿದರೆ ಮಾತ್ರ ಅದನ್ನು ಕಚೇರಿಗೆ ಒಪ್ಪಿಸಬೇಕು, ಬದಲಿ ಬರುವವರಿಗಾಗಿ. ಬದಲಿಗೆ ಇದುವರೆಗೂ ಯಾರೂ ಬಂದಿಲ್ಲ, ಆದರೂ ಒಪ್ಪಿಸಬೇಕು. ಮೇಷ್ಟ್ರು ಸೋಮವಾರ ಸಂಜೆ ಹೋಗಿ ಗೊಂಚಲನ್ನು ಗುಮಾಸ್ತರಿಗೆ ಕೊಟ್ಟರು. ಗುಮಾಸ್ತರು ಅದನ್ನು ಗೋಡೆಯ ಮೊಳೆಗೆ ತಗುಲಿಸಿದರು. ಪಕ್ಕದ ಮೊಳೆಯಲ್ಲಿ ಇನ್ನೊಂದು ಗೊಂಚಲು ಆಗಲೇ ನೇತಾಡುತ್ತಿತ್ತು. ಯಾವ ಬೀಗದ ಕೈ ಕಂಡರೂ ಎತ್ತಿ ತಿರುಗಿಸಿ ನೋಡದೆ ಬಿಡದ ಮೇಷ್ಟ್ರು ಅವತ್ತು ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಅವರ ತಲೆಯಲ್ಲಿ ನಾಳೆಯ ಮಾತು ಗಿರಕಿ ಹೊಡೆಯುತ್ತಿತ್ತು.

ಮಂಗಳವಾರ ಇಸ್ತ್ರಿಯ ಅಂಗಿ ತೊಟ್ಟು ಹೊರಟರು. ಅಕ್ಕ ಬಾಗಿಲವರೆಗೆ ಬಂದು, ಕಾಲರ್ ಸರಿಮಾಡಿ, “ಅಲ್ಲಿ ಹೋಗಿ ಬೀಗ ಎಂದರೇನು ಅಂತ ಶುರುಮಾಡಿದ್ರೆ ನೋಡು ಮತ್ತೆ!” ಎಂದು ಕಳಿಸಿದಳು. ಮೇಷ್ಟ್ರು ಒಂದು ಸ್ಟಾಪ್ ಮುಂಚೆಯೇ ಇಳಿದು ನಡೆದರು, ಹೇಳಿಸಿಕೊಂಡ ಹಾಗೆ.

ತಕ್ಕಡಿಗಳ ಸಂಗ್ರಹಾಲಯ ಮುಚ್ಚಿತ್ತು.

ಮೊದಲು ಅವರು ನಂಬಲಿಲ್ಲ. ಹತ್ತಿರ ಹೋಗಿ ನೋಡಿದರು. ಬಾಗಿಲಿಗೆ ಬೀಗ ಬಿದ್ದಿತ್ತು, ಬೀಗವೆಂದರೆ ಅದೂ ಒಂದು ಬೀಗ. ಅದನ್ನು ತೆಗೆಯಲು ಪಿನ್ನೂ ಬೇಡ, ನಾಲ್ಕು ಬೈದರೆ ಸಾಕು. ಪಕ್ಕದಲ್ಲಿ ಒಂದು ರಟ್ಟು: ‘ಮೇಲ್ವಿಚಾರಕರು ರಜೆಯಲ್ಲಿದ್ದಾರೆ.’ ಮೇಷ್ಟ್ರಿಗೆ ಮೊದಲು ಹೊಳೆದದ್ದು ಕಾಯಿಲೆ. ಆಮೇಲೆ ಮಗಳ ಮನೆ. ಆಕೆ ಮಗಳ ಊರಿಗೇ ಹೋಗಿಬಿಟ್ಟಿದ್ದರೆ? ಕೆಲಸವನ್ನೇ ಬಿಟ್ಟು? ಇಸ್ತ್ರಿಯ ಅಂಗಿಯೊಳಗೆ ಬೆವರು ಇಳಿಯಿತು.

ಎದುರಿನ ಜೆರಾಕ್ಸ್ ಅಂಗಡಿಯಾಕೆ ಅಷ್ಟು ಹೊತ್ತಿನಿಂದ ನೋಡುತ್ತಿದ್ದಳು.

“ಯಾರು ಬೇಕಾಗಿತ್ತು?”

“ಮೇಡಂ... ತಕ್ಕಡಿ ನೋಡಬೇಕಿತ್ತು.”

“ತಕ್ಕಡಿ ನೋಡೋಕೆ ಬರೋರು ಈ ಬೀದೀಲಿ ಒಬ್ಬರೇ. ನೀವೇನಾ ಬೀಗದೋರು?”

“ಹೌದು.”

“ಅಯ್ಯೋ ನಿಮ್ಮ! ಅವರು ನಿಮ್ಮ ಹತ್ರಾನೇ ಹೋದ್ರಲ್ರೀ! ಇವತ್ತು ರಜೆ ಹಾಕಿದೀನಿ, ಗುರುವಾರದವರೆಗೆ ಯಾರು ಕಾಯ್ತಾರೆ, ಬೀಗ ನೋಡ್ಕೊಂಡು ಬರ್ತೀನಿ ಅಂತ ಬೆಳಿಗ್ಗೇನೇ ಹೊರಟ್ರು. ಹೊಸ ಸೀರೆ ಬೇರೆ.” ಅವಳು ಸೊಂಟದ ಮೇಲೆ ಕೈಯಿಟ್ಟಳು. “ಒಳ್ಳೇ ಜನ ನೀವು. ಒಬ್ಬರಿಗೊಬ್ಬರು ಹೇಳ್ಕೊಳ್ಳಬಾರದಾ?”

ಮೇಷ್ಟ್ರು ಕೊನೆಯ ಮಾತು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅವರ ಬಸ್ಸೂ ಆಕೆಯ ಬಸ್ಸೂ ಊರ ನಡುವಿನ ಸೇತುವೆಯ ಮೇಲೆ ಎಲ್ಲೋ ಅಕ್ಕಪಕ್ಕವೇ ಹಾದುಹೋಗಿರಬೇಕು. ಈಗ ಆಕೆಯೂ ಮುಚ್ಚಿದ ಬಾಗಿಲು ನೋಡಿ ಹಿಂದಕ್ಕೆ ಹೊರಟಿದ್ದರೆ ಮತ್ತೆ ಅದೇ ಸೇತುವೆ. ಬಸ್ಸಿನಲ್ಲಿ ಅವರು ಕೂರಲಿಲ್ಲ. ಎದುರಿನಿಂದ ಬರುವ ಬಸ್ಸುಗಳ ಕಿಟಕಿಗಳನ್ನು ನೋಡುತ್ತ, ಕಂಬ ಹಿಡಿದು ನಿಂತೇ ಬಂದರು. ಎಲ್ಲ ಹೆಂಗಸರ ಸೀರೆಗಳೂ ಹೊಸದಾಗಿಯೇ ಕಾಣುತ್ತಿದ್ದವು.

ಬೀಗಗಳ ಸಂಗ್ರಹಾಲಯದ ಮೆಟ್ಟಿಲ ಮೇಲೆ ಮೇಡಂ ಕೂತಿದ್ದರು. ತೊಡೆಯ ಮೇಲೆ ಕೈಚೀಲ.

“ಬನ್ನಿ ಮೇಷ್ಟ್ರೇ,” ಎಂದರು, ಮನೆಗೆ ಬಂದವರನ್ನು ಕರೆದ ಹಾಗೆ. “ಬೇಗ ಬಂದ್ರಿ.”

“ನೀವು ಇನ್ನೂ ಇಲ್ಲೇ...”

“ನಾನೂ ಎದ್ದು ಹೊರಟಿದ್ರೆ ನೀವಿಲ್ಲಿ, ನಾನಲ್ಲಿ. ಎರಡು ತಟ್ಟೇನೂ ತೂಗಾಡ್ತಾ ಇದ್ರೆ ಮುಳ್ಳು ನಿಲ್ಲೋದು ಯಾವಾಗ? ಅದಕ್ಕೇ ನಾನು ಅಲ್ಲಾಡಲಿಲ್ಲ.”

“ನಾನು ಅಲ್ಲಿಗೆ ಹೋಗಿರ್ತೀನಿ ಅಂತ ಹೇಗೆ ಗೊತ್ತಾಯ್ತು?”

“ಮತ್ತೆಲ್ಲಿಗೆ ಹೋಗ್ತೀರಿ ನೀವು?”

ಮೇಡಂ ಸರಿದು ಜಾಗ ಮಾಡಿ, “ಬಾಗಿಲು ತೆಗೀರಿ, ಒಳಗೆ ಕೂರೋಣ. ಬಿಸಿಲು,” ಎಂದರು. ಮೇಷ್ಟ್ರು ಬಲಜೇಬು ಮುಟ್ಟಿದರು. ಎಡಜೇಬು ಮುಟ್ಟಿದರು.

“ಬೀಗದ ಕೈ ಇಲ್ಲ. ಆಫೀಸಿಗೆ ಕೊಟ್ಟಿದ್ದೀನಿ.”

“ನಂದೂ ಅಲ್ಲೇ ಇದೆ,” ಎಂದು ಮೇಡಂ ನಕ್ಕರು. “ನಿಮಗೆ ಬೀಗದ ಕೈ ಇಲ್ದೇನೂ ತೆಗೆಯೋಕೆ ಬರುತ್ತಲ್ಲ?”

“ಬರುತ್ತೆ. ಆದ್ರೆ ರಜೆ ಮೇಲಿದ್ದೀನಿ. ರಜೆ ಮೇಲಿದ್ದಾಗ ತೆಗೆದ್ರೆ ಅದು ಕಳ್ಳತನ ಆಗುತ್ತೆ ಮೇಡಂ.”

ಮೇಷ್ಟ್ರು ಮೆಟ್ಟಿಲ ಮೇಲೆ ಕೂತರು, ನಡುವೆ ಕೈಚೀಲಕ್ಕೆ ಜಾಗ ಬಿಟ್ಟು. ಬೀದಿಯಲ್ಲಿ ಸೈಕಲ್ಲೊಂದು ಹೋಯಿತು. ತೊಡೆಯ ಮೇಲೆ ಬೀಗವಿಲ್ಲ, ಕಾಲ ಕೆಳಗೆ ತಕ್ಕಡಿಯಿಲ್ಲ, ನೋಡಲು ಮುಳ್ಳಿಲ್ಲ. ಬಸ್ಸಿನುದ್ದಕ್ಕೂ ಹೊತ್ತು ತಂದ ಮಾತು ಎಲ್ಲಿ ಜಾರಿತೋ. ಕೈಗಳು ತಾವಾಗಿಯೇ ಹಿಂದಕ್ಕೆ ಹೋದವು, ಗಂಟಲು ತಾನಾಗಿಯೇ ಸರಿಯಾಯಿತು.

“ಈ ಬಾಗಿಲಿಗೆ ಹಾಕಿರೋದು ಸಾಧಾರಣ ಬೀಗ. ಇದರ ಕೊಂಡಿ ನೋಡಿದ್ರೆ...”

“ಮೇಷ್ಟ್ರೇ,” ಎಂದರು ಮೇಡಂ ಮೆಲ್ಲಗೆ. “ಇವತ್ತು ಪಾಠ ಬೇಡ.”

ಮೇಷ್ಟ್ರು ಕೈಗಳನ್ನು ಮುಂದಕ್ಕೆ ತಂದು ಮೊಣಕಾಲ ಮೇಲಿಟ್ಟುಕೊಂಡರು.

“ನಾನೂ ಉಪನಿರ್ದೇಶಕರ ಹತ್ರ ಹೋಗಿದ್ದೆ,” ಎಂದರು ಮೇಡಂ. “ಗುರುವಾರದ ರಜೆ ವಾಪಸ್ ಕೊಡಿ ಅಂತ.”

“ಏನಂದ್ರು?”

“ಯಾವ ಸಾರ್ವಜನಿಕರಿಗೆ ತೊಂದರೆ ಅಂತ ಕೇಳಿದ್ರು.”

“ನನ್ನನ್ನೂ ಕೇಳಿದ್ರು. ನಾನು ಹಲವರು ಅಂದೆ.”

“ನಾನು ಒಬ್ಬರು ಅಂದೆ.”

ಬಿಸಿಲು ಮೆಟ್ಟಿಲಿನ ಅಂಚಿಗೆ ಬಂದಿತ್ತು. ಮೇಡಂ ಕೈಚೀಲದ ಹಿಡಿಯನ್ನು ಮಡಿಸುತ್ತ ಬಿಚ್ಚುತ್ತ ಇದ್ದರು. “ಇನ್ನೊಂದು ವಿಷಯ. ಬೇಜಾರು ಮಾಡ್ಕೋಬಾರದು. ಆ ಗುಟ್ಟಿನ ಬೀಗ ಇದೆಯಲ್ಲ, ಅದನ್ನ ನಾನು ತೆಗೆದು ಬಹಳ ದಿನ ಆಯ್ತು.”

ಮೇಷ್ಟ್ರು ಮೊದಲು ಮೇಲ್ವಿಚಾರಕರು, ಆಮೇಲೆ ಗಂಡಸು. “ಯಾವ ಗುಬುಟು?” ಎಂದರು ಗಡುಸಾಗಿ.

“ಎಡಗಡೆ, ಕೆಳಗಿನದು. ಒತ್ತಿ ಹಿಡ್ಕೊಂಡು ಪಕ್ಕದ್ದನ್ನ ತಿರುವಿದ್ರೆ ಮುಚ್ಚಳ ಸರಿಯುತ್ತೆ. ನೀವು ಟೀ ತರೋಕೆ ಹೋಗಿದ್ರಿ. ತೆಗೆದೆ, ನೋಡಿದೆ, ಮತ್ತೆ ಹಾಕಿಟ್ಟೆ.”

“ಸರಿಯಾಗೇ ಇದೆ,” ಎಂದು ಮೇಷ್ಟ್ರು ಒಪ್ಪಿಕೊಂಡರು. “ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಮುಂದಿನ ಗುರುವಾರ ಏನಂತ ಬರಲಿ?”

ಅದೂ ಸರಿಯಾಗೇ ಇತ್ತು. ಮೇಷ್ಟ್ರಿಗೆ ಈಗ ತಮ್ಮ ಖಾಲಿ ಜೇಬಿನ ನೆನಪಾಯಿತು. “ನಾನೂ ಒಂದು ಹೇಳಬೇಕು. ನನ್ನ ತೂಕ...”

“ಗೊಂಚಲು ತಾನೇ? ಅದು ಜೇಬಲ್ಲಿದ್ದ ವಾರ ನಿಮ್ಮ ಪ್ಯಾಂಟು ಬಲಗಡೆ ಇಳಿಬಿದ್ದಿರ್ತಿತ್ತು. ನಡೆದ್ರೆ ಝಣಝಣ ಅಂತಿತ್ತು. ತಕ್ಕಡಿ ಇಟ್ಕೊಂಡಿರೋಳು ನಾನು, ಇಷ್ಟೂ ಗೊತ್ತಾಗಲ್ವಾ?”

“ಗೊತ್ತಿದ್ರೂ ಬಾಳೆಹಣ್ಣು ಕೊಟ್ರಲ್ಲ?”

“ಗೊಂಚಲು ಇರಲಿ ಬಿಡಲಿ, ನೀವು ಸಣ್ಣಗೇ ಇದ್ದೀರಿ.”

ಮೇಷ್ಟ್ರು ಎದುರು ಗೋಡೆಯನ್ನು ನೋಡಿದರು. ಅಲ್ಲಿ ಯಾವ ಮುಳ್ಳೂ ಇರಲಿಲ್ಲ. ತಿರುಗಿ ಮೇಡಂ ಮುಖವನ್ನೇ ನೋಡಬೇಕಾಯಿತು. ಸೀರೆ ನಿಜಕ್ಕೂ ಹೊಸದಾಗಿತ್ತು.

“ಸೋಮವಾರ ನಿಮ್ಮ ಬೀದೀಲಿ ನೀರು ಚೆನ್ನಾಗಿ ಬರುತ್ತೆ ಅಂದಿದ್ರಿ. ಬಟ್ಟೆ ಒಗೆಯೋದು ಇರುತ್ತೇನೋ.”

“ನಮ್ಮ ಬೀದೀಲಿ ನೀರು ದಿನಾ ಬರುತ್ತೆ ಮೇಷ್ಟ್ರೇ.”

ಮೇಷ್ಟ್ರು ಇದನ್ನು ತೂಗಿ ನೋಡಿದರು. ಈ ಸಲ ತೂಕವನ್ನು ಸರಿಯಾಗೇ ಅಂದಾಜು ಮಾಡಿದರು ಎಂದು ಕಾಣುತ್ತದೆ.

“ನಮ್ಮನೇಲಿ ಗೆದ್ದಲೂ ಇಲ್ಲ,” ಎಂದರು.

“ಗೊತ್ತಿತ್ತು ಬಿಡಿ.”

“ಹಾಗಾದ್ರೆ ಸೋಮವಾರ ನಿಮಗೆ ಬಿಡುವಿದ್ರೆ...” ಮಾತು ಅಲ್ಲಿಗೆ ಬಂದು ಸಿಕ್ಕಿಹಾಕಿಕೊಂಡಿತು. ಮೇಡಂ ಸುಳಿವು ಕೊಡಲಿಲ್ಲ. ಸುಮ್ಮನೆ ಕೂತು ಕಾದರು, ಇಷ್ಟು ಕಾಲ ಮೇಷ್ಟ್ರು ಬೀಗದ ವಿಷಯದಲ್ಲಿ ಕಾದಂತೆ. “...ಎಲ್ಲಿಗಾದ್ರೂ ಹೋಗಬಹುದಿತ್ತು.”

“ಎಲ್ಲಿಗೆ? ಎಲ್ಲಾ ಮುಚ್ಚಿರುತ್ತಲ್ಲ. ಏಕರೂಪತೆ.”

“ನಲ್ಲಿಗಳದ್ದು ಒಂದಿದೆಯಂತೆ. ನೀರು ಸರಬರಾಜು ಮಂಡಳಿಯದ್ದು. ನಮ್ಮ ಇಲಾಖೆ ಅಲ್ಲ.”

“ನಲ್ಲಿಗಳದ್ದಾ?”

“ಬರೀ ನಲ್ಲಿಗಳು. ಬೇಡಾಂದ್ರೆ ಬೇಡ.”

“ಆ ಹಳೇ ಆದೇಶ ಇದೆಯಲ್ಲ, ರಜಾದಿನದಲ್ಲಿ ಬೇರೆ ಮ್ಯೂಸಿಯಂ ನೋಡಬೇಕು ಅಂತ,” ಎಂದರು ಮೇಡಂ ಗಂಭೀರವಾಗಿ. “ಅದು ಬೇರೆ ಇಲಾಖೆಯದ್ದಕ್ಕೂ ಅನ್ವಯ ಆಗುತ್ತಾ?”

ಮೇಷ್ಟ್ರು ಯೋಚಿಸಿದರು. “ಆಗಲ್ಲ ಅಂತ ಎಲ್ಲೂ ಬರೆದಿಲ್ಲ.”

ಮೇಡಂ ಕೈಚೀಲವನ್ನು ಬಿಚ್ಚಿದರು. ಒಳಗೆ ಎರಡು ಬಾಳೆಹಣ್ಣುಗಳಿದ್ದವು. ಇಬ್ಬರೂ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ತಿಂದರು.

ಮುಂದಿನ ಸೋಮವಾರ ಇಬ್ಬರೂ ನದಿ ಕಡೆಯ ಬಸ್ಸಿನಲ್ಲಿ ಕೊನೆಯ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು ನಲ್ಲಿಗಳ ಸಂಗ್ರಹಾಲಯಕ್ಕೆ ಹೋದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅದರ ಮುಂದಿನ ಸೋಮವಾರವೂ ಹೋದರು.